ಲೈನಿಗೆ ಬಂದ ಯಜಮಾನರು

ಮನೆಯಲ್ಲಿ ಅವಳು ಸೊಸೆ. ರಂಗಮಂದಿರಕ್ಕೆ ಬಂದು, ವೇದಿಕೆಯ ಬಲಮಗ್ಗುಲ ಮರೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು, ತಲೆಗೆ ಹೆಡ್‌ಫೋನು ಏರಿಸಿದಳೆಂದರೆ ಗಂಟೆಯಕ್ಕ. ನಾಟಕಕ್ಕೆ ಮುಂಚಿನ ಗಂಟೆಗಳನ್ನು ಬಾರಿಸುವವಳು ಅವಳೇ ಆದ್ದರಿಂದ ಕಂಪನಿಯವರು ಇಟ್ಟ ಹೆಸರು ಅದು. ಕೊನೆಯ ಗಂಟೆ ಬಿದ್ದ ಮೇಲೆ ಅವಳ ಅಪ್ಪಣೆಯಿಲ್ಲದೆ ಅಲ್ಲಿ ಒಂದು ದೀಪ ಹೊತ್ತದು, ಒಂದು ಹಗ್ಗ ಅಲುಗದು. ಈ ವಿಷಯದಲ್ಲಿ ಅವಳಿಗೆ ಜಂಬ ಇತ್ತೇ ಅಂದರೆ, ಇತ್ತು. ಕೆಲಸ ಬಲ್ಲವರಿಗೆ ಒಂದಿಷ್ಟು ಜಂಬ ಇದ್ದರೆ ಯಾರಪ್ಪನ ಗಂಟು ಹೋಗುತ್ತದೆ?

ಅವಳ ರಾಜ್ಯದ ಹೆಸರು ಲೈನು. ಹೆಡ್‌ಫೋನು ಹಾಕಿಕೊಂಡು, ಸೊಂಟದ ಡಬ್ಬಿಯ ಗುಂಡಿ ಒತ್ತಿ ಮಾತಾಡಿದರೆ ಒಬ್ಬರು ಆಡಿದ್ದು ಎಲ್ಲರ ಕಿವಿಗೂ ಬೀಳುತ್ತಿತ್ತು. ಲೈನಿನಲ್ಲಿ ಇದ್ದವರು ನಾಲ್ವರು. ಒಬ್ಬಳು ಅವಳು. ಪ್ರೇಕ್ಷಕರ ಹಾಲಿನ ಹಿಂದುಗಡೆ ಗೂಡಿನಂಥ ಕೋಣೆಯಲ್ಲಿ ಕೂತು ದೀಪ ನೋಡಿಕೊಳ್ಳುವವನು ಅವಳ ಗಂಡ. ವೇದಿಕೆಯ ಮೇಲ್ಗಡೆ ಅಟ್ಟದಲ್ಲಿ ನಿಂತು ತೂಗುವ ಸಾಮಾನುಗಳನ್ನು ಇಳಿಸಿ ಏರಿಸುವವನು ಹಗ್ಗದಣ್ಣ. ಎಡಮಗ್ಗುಲ ಮರೆಯಲ್ಲಿ ನಿಂತು ನಟರಿಗೆ ಬಟ್ಟೆ ಬದಲಿಸುವವಳು ದರ್ಜಿಯಮ್ಮ. ಲೈನಿಗೆ ಅದರದೇ ಒಂದು ಶಿಷ್ಟಾಚಾರ. ಮೊದಲು ಯಾರನ್ನು ಕರೆಯುತ್ತೀಯೋ ಅವರ ಹೆಸರು, ಆಮೇಲೆ ನಿನ್ನ ಹೆಸರು, ಆಮೇಲೆ ಅವಳು 'ಹೇಳು' ಅಂದರೆ ಮಾತು. ಬಹುವಚನ ಇಲ್ಲ, ಪೀಠಿಕೆ ಇಲ್ಲ. ಮನೆಯಲ್ಲಿ ಗಂಡನನ್ನು 'ರೀ' ಎಂದು ಕರೆಯುವವಳು ಇಲ್ಲಿ 'ದೀಪ, ತಯಾರು... ದೀಪ, ಈಗ' ಎನ್ನುತ್ತಿದ್ದಳು. ಅವನೂ ತುಟಿಪಿಟಕ್ಕೆನ್ನದೆ ಹೊತ್ತಿಸುತ್ತಿದ್ದ. "ಮನೇಲೂ ಒಂದು ಲೈನ್ ಎಳೆಸಿಬಿಡೋಣ" ಎಂದು ಅವಳು ಎಷ್ಟೋ ಸಲ ಕಿಚಾಯಿಸಿದ್ದುಂಟು.

ಮನೆಯ ಮಾತು ಬೇರೆ. ಮನೆಯಲ್ಲಿ ಮಾತೆಂದರೆ ಮಾವನವರದು. ಕಂಪನಿ ಕಟ್ಟಿದವರು ಅವರು, ನಾಟಕ ಬರೆದು ಆಡಿಸುವವರು ಅವರು. ಮನೆಯೊಳಗೂ ಹೊರಗೂ ಯಜಮಾನರೆಂದೇ ಹೆಸರು. ಮೈಕೇ ಇಲ್ಲದ ಕಾಲದಲ್ಲಿ ಕಟ್ಟಕಡೆಯ ಬೆಂಚಿನವನ ಎದೆ ನಡುಗಿಸಿದ ಗಂಟಲು ಅದು. ಊಟಕ್ಕೆ ಕೂತು ಅವರು ಒಂದು ವಿಷಯ ಎತ್ತಿದರೆಂದರೆ ಉಳಿದವರಿಗೆ ತಟ್ಟೆ ನೋಡಿಕೊಳ್ಳುವುದಷ್ಟೇ ಕೆಲಸ. ಕೆಟ್ಟವರಲ್ಲ ಪಾಪ. ಯಾರಿಗಾದರೂ ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲಿ ಕೂತಿರುವವರೇ. ಆದರೆ ಕೂತಷ್ಟು ಹೊತ್ತೂ ಮಾತಾಡುತ್ತಿರುತ್ತಾರೆ! ಅತ್ತೆ ಮಾತ್ರ ಅವರಿಗೆ ಹೊಂದಿಕೊಂಡು ಬಾಳಿದ್ದರು. ಆಕೆ ಕಂಪನಿಯ ಮುಖ್ಯ ನಟಿ. ವೇದಿಕೆಯ ಮೇಲೆ ತನ್ನ ಪಾಲಿನ ಮಾತನ್ನೆಲ್ಲ ಆಡಿ ಮುಗಿಸಿ ಮನೆಗೆ ಬಂದು ಆರಾಮಾಗಿ ಸುಮ್ಮನಿದ್ದುಬಿಡುತ್ತಿದ್ದರು.

ಲೈನು ಹಳೆಯದಾಗಿ ಗೊರಗೊರ ಎನ್ನತೊಡಗಿದ್ದರಿಂದ ಕಂಪನಿ ಹೊಸದು ತರಿಸಿತು. ತಂತಿ ಇಲ್ಲದ್ದು, ಹಗುರಾದ್ದು, ಪಿಸುಗುಟ್ಟಿದರೂ ಕಿವಿಯಲ್ಲೇ ಕೂತು ಹೇಳಿದ ಹಾಗೆ ಕೇಳಿಸುವಂಥದ್ದು. ಅವಳ ಮುಂದಿನ ಪೆಟ್ಟಿಗೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಂಪು ಚುಕ್ಕಿ. ಗುಂಡಿ ಒತ್ತಿದವರ ಚುಕ್ಕಿ ಹೊತ್ತಿಕೊಳ್ಳುತ್ತದೆ. ಚುಕ್ಕಿಯ ಕೆಳಗೊಂದು ಸ್ವಿಚ್ಚು. ಅದನ್ನು ಕೆಳಗೆ ಮಾಡಿದರೆ ಅವರಿಗೆ ಎಲ್ಲರ ಮಾತೂ ಕೇಳಿಸುತ್ತದೆ, ಅವರ ಮಾತು ಯಾರಿಗೂ ಕೇಳಿಸುವುದಿಲ್ಲ. ಯಾರಾದರೂ ಕೆಮ್ಮುತ್ತಿದ್ದರೆ ಅನುಕೂಲವಾಗಲಿ ಎಂದು ಮಾಡಿದ ಏರ್ಪಾಟು ಅದು. ಪೆಟ್ಟಿಗೆಯ ಜೊತೆ ಒಂದು ಹೆಡ್‌ಫೋನು ಹೆಚ್ಚಿಗೆ ಬಂತು. ಅಲ್ಲಿಗೆ ಶುರುವಾಯಿತು ನೋಡಿ.

"ಅದನ್ನ ಇಲ್ಲಿ ಕೊಡಿ" ಅಂದರು ಯಜಮಾನರು. "ನಾನು ಮುಂದಿನ ಸಾಲಲ್ಲಿ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ಅಲ್ಲಿಂದಲೇ ಎರಡು ಮಾತು ಹೇಳ್ತಾ ಇರ್ತೀನಿ."

ಅವಳು ಐದನೆಯ ಚುಕ್ಕಿಯ ಪಕ್ಕ ಪಟ್ಟಿ ಅಂಟಿಸಿ 'ಕುರ್ಚಿ' ಎಂದು ಬರೆದಳು.

ಆ ಎರಡು ಮಾತು ಎಂಥವು ಎನ್ನುವುದು ಮೊದಲ ತಾಲೀಮಿನಲ್ಲೇ ಗೊತ್ತಾಯಿತು. ಚುಕ್ಕಿ ಹೊತ್ತಿದ್ದು ಹೊತ್ತಿದ ಹಾಗೇ. ನೀಲಿ ಬೆಳಕು ಯಾಕೆ ನೀಲಿಯಾಗಿರಬೇಕು, ಹಿಂದಿನ ಕಾಲದಲ್ಲಿ ಅದನ್ನು ಹೇಗೆ ಮಾಡುತ್ತಿದ್ದರು, ಈಗಿನವರಿಗೆ ಕಣ್ಣೇ ಇಲ್ಲ. ದೀಪದ ಕೋಣೆಯಿಂದ ಗಂಡ "ಹೌದಪ್ಪ", "ಸರಿಯಪ್ಪ" ಎನ್ನುತ್ತಿದ್ದ. ಲೈನಿನಲ್ಲಿ ಅಪ್ಪ! ಅಟ್ಟದಿಂದ ಹಗ್ಗದಣ್ಣ "ತಾವು ಹೇಳಿದ ಹಾಗೇ ಯಜಮಾನ್ರೇ" ಎನ್ನುತ್ತಿದ್ದ. ದರ್ಜಿಯಮ್ಮನಂತೂ ಉಸಿರೇ ಬಿಡಲಿಲ್ಲ. ಅವಳು 'ದೀಪ, ಈಗ' ಎಂದರೆ ಅವರು 'ತಾಳಿ ತಾಳಿ' ಎನ್ನುತ್ತಿದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ದೃಶ್ಯಗಳು ನಡುವೆಯೇ ಹರಿದುಹೋಗುತ್ತಿದ್ದವು. ಯಂತ್ರಕ್ಕೆ ಏನೂ ಭೇದವಿರಲಿಲ್ಲ. ಐದು ಜನ ಒಟ್ಟಿಗೇ ಗುಂಡಿ ಒತ್ತಿದರೆ ಐವರ ಮಾತನ್ನೂ ಅದು ಮುಟ್ಟಿಸುತ್ತಿತ್ತು. ಭೇದ ಇದ್ದದ್ದು ಬೆರಳುಗಳಲ್ಲಿ. ಕುರ್ಚಿಯ ಚುಕ್ಕಿ ಹೊತ್ತಿಕೊಂಡರೆ ಉಳಿದ ಬೆರಳುಗಳು ತಾವಾಗಿಯೇ ಗುಂಡಿ ಬಿಟ್ಟು ಸರಿಯುತ್ತಿದ್ದವು.

ಈ ಸಲದ ನಾಟಕದಲ್ಲಿ ಒಬ್ಬ ಮುದುಕಿ. ಅವಳ ಮನೆಯ ಸುತ್ತ ಯಾರೋ ಗೋಡೆ ಎಬ್ಬಿಸುತ್ತಿದ್ದಾರೆ. ಅವಳು ಜಾಗ ಬಿಡಲೊಲ್ಲಳು. ಕೊನೆಯ ದೃಶ್ಯದಲ್ಲಿ ಮುದುಕಿ ಕೋಲೂರಿಕೊಂಡು ವೇದಿಕೆಯ ಮುಂದಕ್ಕೆ ಬಂದು ಕುರ್ಚಿಯಲ್ಲಿ ಕೂರುತ್ತಾಳೆ, ಅವಳ ಬೆನ್ನ ಹಿಂದೆ ಮೇಲಿನಿಂದ ಗೋಡೆ ಇಳಿಯುತ್ತದೆ. ಮರದ ಚೌಕಟ್ಟಿಗೆ ಹಲಗೆ ಬಡಿದು ಬಣ್ಣ ಹಚ್ಚಿದ ನಿಜವಾದ ಭಾರದ ಗೋಡೆ. ಮುದುಕಿ ಅತ್ತೆ.

ವೇಷ ಹಾಕಿ ಮಾಡುವ ಕೊನೆಯ ತಾಲೀಮಿನ ದಿನ ಅತ್ತೆ ಕೂರಬೇಕಾದ ಜಾಗಕ್ಕೆ ಬಂದವರು, ಕೋಲನ್ನು ಹಿಂದೆಯೇ ಬಿಟ್ಟದ್ದು ನೆನಪಾಗಿ ತಿರುಗಿ ಹೋದರು. ಬಲಗಡೆ ಕೂತ ಗಂಟೆಯಕ್ಕನಿಗೆ ಆ ಜಾಗ ಕಾಣುವುದಿಲ್ಲ, ನಡುವೆ ಒಂದು ಕಂಬ ಅಡ್ಡ. ಅಟ್ಟದ ಹಗ್ಗದಣ್ಣನಿಗೆ ಕೆಳಗೆ ತೂಗುಬಿಟ್ಟ ಕಪ್ಪು ಬಟ್ಟೆ ಅಡ್ಡ. ಹಾಲಿನ ಹಿಂದಿನ ದೀಪದ ಕೋಣೆಗೆ ಅರೆಗತ್ತಲಲ್ಲಿ ಅಷ್ಟು ದೂರದ್ದು ತಿಳಿಯುವುದಿಲ್ಲ. ಲೈನಿನಲ್ಲಿ ಯಜಮಾನರು ಸಂಗೀತದ ಬಗ್ಗೆ ಮಾತಾಡುತ್ತಿದ್ದರು. ದರ್ಜಿಯಮ್ಮನ ಚುಕ್ಕಿ ಮಿಣಕ್ಕೆಂದಿತು. "ಅಕ್ಕಾ..." ಅಂದಿತು ಒಂದು ದನಿ. ಅಷ್ಟೇ, ಆರಿಹೋಯಿತು. ಗೋಡೆ ಇಳಿಸಲು ಹೇಳುವ ಸಂಗೀತದ ಗುರುತು ಬಂತು.

"ಹಗ್ಗ, ಈಗ" ಅಂದಳು ಅವಳು.

ಗೋಡೆ ಇಳಿಯಿತು. ರಾಟೆ ಕಿರ್ರೆಂದದ್ದು ಕೇಳಿ ಅತ್ತೆ ಮುಂದಕ್ಕೆ ಹಾರಿದರು. ಆ ವಯಸ್ಸಿನಲ್ಲಿ ಹಾರಿದರು ಅಂದರೆ ನಂಬಬೇಕು! ಧಡ್ ಎಂದು ಕೂತ ಗೋಡೆಯ ಅಡಿಗೆ ಅವರ ಉದ್ದನೆಯ ಮೇಲಂಗಿಯ ತುದಿ ಸಿಕ್ಕಿಕೊಂಡಿತು. ಅವರು ಅಲ್ಲೇ ಕಟ್ಟಿಹಾಕಿದ ಹಾಗೆ ನಿಂತು, "ಇನ್ನೊಂದು ಗೇಣು ಹಿಂದಿದ್ರೆ ನಿಮಗೆ ಮುದುಕಿ ಪಾತ್ರಕ್ಕೆ ಬೇರೆಯೋರನ್ನ ಹುಡುಕೋ ಕೆಲಸ" ಅಂದರು. ಎಲ್ಲರೂ ನಕ್ಕರು. ನಗುವಾಗ ಯಾರ ಮುಖದಲ್ಲೂ ರಕ್ತ ಇರಲಿಲ್ಲ. ಯಜಮಾನರು ಓಡಿ ಬಂದು ಹೆಂಡತಿಯ ಕೈ ಹಿಡಿದುಕೊಂಡು, "ಲೈನಲ್ಲಿ ಶಿಸ್ತಿಲ್ಲ, ಅದಕ್ಕೇ ಹೀಗಾಗೋದು" ಎಂದು ಎಲ್ಲರನ್ನೂ ಗದರಿದರು.

ಅವಳು ದರ್ಜಿಯಮ್ಮನನ್ನು ಬಟ್ಟೆಗಳ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ನೀವು ನೋಡಿದ್ರಾ?"

"ನೋಡಿದೆ ಅಕ್ಕ."

"ಮತ್ತೆ ಹೇಳೋದಲ್ವಾ?"

"ಯಜಮಾನ್ರು ಮಾತಾಡ್ತಾ ಇದ್ರಲ್ಲ" ಅಂದಳು ದರ್ಜಿಯಮ್ಮ. ಇದೆಂಥ ಪ್ರಶ್ನೆ ಎನ್ನುವ ಹಾಗೆ ಅವಳನ್ನೇ ನೋಡಿದಳು. 

ಗಂಟೆಯಕ್ಕನಿಗೆ ನೆತ್ತಿಗೇರಿದ ಸಿಟ್ಟು ಅಲ್ಲೇ ಇಳಿಯಿತು. ಈ ಹೆಂಗಸಿಗೆ ಬೈದು ಏನು ಫಲ? ತಾನೇ ಊಟದ ಮೇಜಿನ ಮುಂದೆ ಇಷ್ಟು ವರ್ಷ ಮಾಡಿದ್ದೂ ಅದನ್ನೇ ಅಲ್ಲವೇ. ಅನ್ನ ಹೆಚ್ಚಾಯಿತು ಎನ್ನಬೇಕಾದರೂ ಮಾವನವರ ವಾಕ್ಯ ಮುಗಿಯಲಿ ಎಂದು ಕಾದಿದ್ದಾಳೆ. ಆದರೆ ಅಲ್ಲಿ ಕೆಡುವುದು ಅನ್ನ, ಇಲ್ಲಿ ಹೋಗುವುದು ಜೀವ. ನಾಳೆ ಮೊದಲ ಪ್ರದರ್ಶನ. ಅದೇ ಗೋಡೆ, ಅದೇ ಅತ್ತೆ, ಅದೇ ಲೈನು.

ಸಂಜೆ ಊಟಕ್ಕೆ ಕೂತಾಗ ಅವಳು ಬಾಯಿ ತೆರೆದಳು. "ಮಾವ, ಲೈನಿನ ವಿಷಯ ಒಂದು ಮಾತು..."

"ಅದನ್ನೇ ನಾನೂ ಹೇಳೋಕೆ ಹೊರಟಿದ್ದೆ ಕಣಮ್ಮ" ಅಂದರು ಮಾವ. ಆಮೇಲೆ ಹೇಳಿದರು, ಹೇಳಿದರು, ಹೇಳುತ್ತಲೇ ಹೋದರು. ಗಂಡ ತಟ್ಟೆಯ ಅಂಚನ್ನೇ ನಿಟ್ಟಿಸುತ್ತಿದ್ದ. ಅವಳು ಇನ್ನೊಂದು ಸಲ "ಅಲ್ಲ ಮಾವ" ಅಂದಳು. "ಅಲ್ಲ ಅಂತ ನನಗೂ ಗೊತ್ತು, ಅದಕ್ಕೇ ಹೇಳ್ತಿರೋದು" ಎಂದು ಅವರು ಮತ್ತೆ ಮೊದಲಿಂದ ಶುರುಮಾಡಿದರು. ಕೈ ತೊಳೆಯುವಷ್ಟರಲ್ಲಿ ಲೈನಿನ ಎಲ್ಲ ತಪ್ಪಿಗೂ ಕಾರಣ ಯಜಮಾನರ ಮಾತನ್ನು ಪೂರ್ತಿ ಕೇಳಿಸಿಕೊಳ್ಳದೆ ಇರುವುದು ಎಂದು ತೀರ್ಮಾನವಾಗಿತ್ತು.

ಪಾತ್ರೆ ತೊಳೆಯುವಾಗ ಅತ್ತೆ ಪಕ್ಕದಲ್ಲಿ ನಿಂತು ಒರೆಸುತ್ತಿದ್ದರು. "ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಯೋಚನೆ ಮಾಡ್ತಿದೀಯಾ?" ಅಂದರು ಮೆಲ್ಲಗೆ.

"ಗಂಟೆ ನನ್ನ ಹತ್ರಾನೇ ಇದೆಯಲ್ಲ ಅತ್ತೆ" ಅಂದಳು ಅವಳು. ಆ ಹೊತ್ತಿಗೆ ಉಪಾಯ ಹೊಳೆದಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥದ್ದು. ಇಷ್ಟು ಸುಲಭದ್ದು ಮೊದಲೇ ಯಾಕೆ ಹೊಳೆಯಲಿಲ್ಲವೋ ಎಂದು ಅವಳು ಒಬ್ಬಳೇ ನಕ್ಕಳು.

ಮಾರನೆಯ ಸಂಜೆ ಹಾಲಿನ ತುಂಬ ಜನ. ಅವಳು ಮೊದಲ ಗಂಟೆ ಬಾರಿಸಿದಳು. ಮುಂದಿನ ಸಾಲಿನ ಕುರ್ಚಿಯಲ್ಲಿ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಹೆಡ್‌ಫೋನು ಕಿರೀಟದ ಹಾಗೆ ಇಟ್ಟುಕೊಂಡು ಕೂತರು. ಎರಡನೆಯ ಗಂಟೆಗೆ ಕುರ್ಚಿಯ ಚುಕ್ಕಿ ಹೊತ್ತಿತು. "ಎಲ್ಲರೂ ಕೇಳಿಸ್ಕೊಳ್ಳಿ" ಎಂದು ಶುರುವಾಯಿತು. ಅವಳು ಕೈ ಚಾಚಿ ಚುಕ್ಕಿಯ ಕೆಳಗಿನ ಸ್ವಿಚ್ಚನ್ನು ಟಕ್ಕೆಂದು ಕೆಳಗೆ ಮಾಡಿದಳು.

ಆಹಾ, ಏನು ನಿಶ್ಶಬ್ದ! ಮಗು ನಿದ್ದೆ ಹೋದ ಮನೆಯ ಹಾಗಾಯಿತು ಲೈನು.

"ಅಕ್ಕಾ, ದೀಪ" ಅಂದ ಗಂಡ, ಸ್ವಲ್ಪ ಹೊತ್ತಾದ ಮೇಲೆ, ಅನುಮಾನದಿಂದ. "ಅಪ್ಪ ಮಾತೇ ಆಡ್ತಿಲ್ಲ. ಹುಷಾರಿದಾರೆ ತಾನೆ?"

ಯಜಮಾನರ ಕಿವಿಗೂ ಬೀಳುತ್ತದೆಂದು ಅವಳು ಕೆನ್ನೆ ಕಚ್ಚಿಕೊಂಡಳು. "ದೀಪ, ನಿನ್ನ ಕೆಲಸ ನೋಡು" ಅಂದಳು. ತಮ್ಮದೇ ಮಾತಿನ ಭರದಲ್ಲಿದ್ದ ಯಜಮಾನರಿಗೆ ಅದು ನಾಟಿದ ಹಾಗೆ ಕಾಣಲಿಲ್ಲ.

ಮೊದಲ ಭಾಗ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಾಗಿತು. 'ಅಕ್ಕಾ, ಹಗ್ಗ', 'ಹೇಳು ಹಗ್ಗ'. 'ಅಕ್ಕಾ, ದರ್ಜಿ, ಬಟ್ಟೆ ಆಯ್ತು'. ಒಬ್ಬೊಬ್ಬರ ದನಿಯಲ್ಲೂ ಹಳೆಯ ಹುರುಪು ಬಂತು. ಕುರ್ಚಿಯ ಚುಕ್ಕಿ ಮಾತ್ರ ಕೆಂಪಗೆ ಉರಿಯುತ್ತಲೇ ಇತ್ತು. ಯಜಮಾನರು ಬೆರಳೆತ್ತಿ, ಕೈಬೀಸಿ, ಗುಂಡಿ ಒತ್ತಿ ಆಜ್ಞೆ ಕೊಡುತ್ತಿದ್ದರು. 'ಈಗ ಬೆಳಕು' ಅಂದರೆ ಬೆಳಕು ಬರುತ್ತಿತ್ತು, ಯಾಕೆಂದರೆ ಬೆಳಕು ಬರಬೇಕಾದ ಹೊತ್ತು ಅದೇ ಆಗಿತ್ತು. ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಯಿತು ಎಂದುಕೊಂಡ ಅಜ್ಜಿಯ ಹಾಗೆ ಅವರ ಮುಖ ಅರಳುತ್ತಾ ಹೋಯಿತು. ಅವಳು ಮೊದಮೊದಲು ಆ ಚುಕ್ಕಿ ನೋಡಿ ನಗುತ್ತಿದ್ದಳು. ಆಮೇಲೆ ನೋಡುವುದನ್ನೇ ಬಿಟ್ಟಳು.

ಮಧ್ಯಂತರದಲ್ಲಿ ಅವರೇ ಒಳಗೆ ಬಂದರು. "ನೋಡಿದ್ಯೇನಮ್ಮಾ!" ಎಂದು ಅವಳ ಬೆನ್ನು ತಟ್ಟಿದರು. "ನಾನು ಹೇಳಿದ ಹಾಗೆ ಕೇಳಿದ್ರೆ ಎಷ್ಟು ಚೆನ್ನಾಗಿ ನಡೆಯುತ್ತೆ! ಇವತ್ತು ಲೈನಲ್ಲಿ ಒಬ್ಬರೂ ಎದುರು ಮಾತಾಡ್ಲಿಲ್ಲ."

"ನಿಮ್ಮ ಆಶೀರ್ವಾದ ಮಾವ" ಅಂದಳು ಅವಳು, ಮುಖದ ಒಂದು ಗೆರೆಯೂ ಅಲುಗದ ಹಾಗೆ. ದರ್ಜಿಯಮ್ಮ ಬಟ್ಟೆಯ ರಾಶಿಯೊಳಗೆ ಮುಖ ಹುದುಗಿಸಿಕೊಂಡಳು. ಅತ್ತೆ ಕನ್ನಡಿಯ ಮುಂದೆ ಕೂತು ಮುಖಕ್ಕೆ ಸುಕ್ಕು ಬರೆದುಕೊಳ್ಳುತ್ತಿದ್ದವರು, ಕನ್ನಡಿಯೊಳಗಿಂದಲೇ ಸೊಸೆಯನ್ನು ಒಂದು ಸಲ ನೋಡಿದರು. 

ಕೊನೆಯ ದೃಶ್ಯ ಬಂತು. ಅತ್ತೆ ಈ ಸಲ ಕೋಲು ಮರೆಯಲಿಲ್ಲ. ಸರಿಯಾದ ಜಾಗಕ್ಕೆ ಬಂದು ಕುರ್ಚಿಯಲ್ಲಿ ಕೂತರು.  "ಅಕ್ಕಾ, ದರ್ಜಿ. ಅಮ್ಮ ಕೂತರು, ಜಾಗ ಸರಿ ಇದೆ." "ಹಗ್ಗ, ತಯಾರು." "ತಯಾರಕ್ಕಾ." ಎಲ್ಲವೂ ಪುಸ್ತಕದಲ್ಲಿ ಬರೆದ ಹಾಗೆ.

ಅವಳ ಕಣ್ಣಂಚಿನಲ್ಲಿ ಕುರ್ಚಿಯ ಚುಕ್ಕಿ ಆರಿತು, ಹೊತ್ತಿತು. ಆರಿತು, ಹೊತ್ತಿತು. ಸಂಜೆಯಿಂದ ಒಂದೇ ಸಮ ಉರಿದದ್ದು ಈಗ ಪಟಪಟನೆ ಮಿಟುಕತೊಡಗಿತು. ಏನೋ ಹೊಸ ಉಪದೇಶ ಇರಬೇಕು ಎಂದುಕೊಂಡಳು ಅವಳು. ಸಂಗೀತದ ಗುರುತು ಬಂತು.

"ಹಗ್ಗ, ಈಗ."

"ಇಳಿಸಬೇಡೀ!"

ಲೈನಿನಲ್ಲಿ ಬಂದ ಕೂಗಲ್ಲ ಅದು. ಹಾಲಿನೊಳಗಿಂದ, ಮೈಕಿಲ್ಲದ ಕಾಲದ ಆ ಗಂಟಲಿನಿಂದ ಎದ್ದು, ಗೋಡೆಗೋಡೆಗೂ ಬಡಿದು ಬಂದದ್ದು. ಜನ ಬೆಚ್ಚಿ ಕುರ್ಚಿಗಳಿಂದ ಎದ್ದರು.

"ಹಗ್ಗ, ನಿಲ್ಲಿಸು!" ಅಂದಳು ಅವಳು. ಗೋಡೆ ಅತ್ತೆಯ ತಲೆಗಿಂತ ಆಳೆತ್ತರ ಮೇಲೆ ಜೋಲಿ ಹೊಡೆಯುತ್ತಾ ನಿಂತಿತು. ಆಗ ಅವಳು ಸ್ಟೂಲಿನಿಂದ ಇಳಿದು, ಮರೆಯ ಮುಂದಿನ ಅಂಚಿಗೆ ಹೋಗಿ, ಬಗ್ಗಿ, ಮುಂದಿನಿಂದ ನೋಡಿದಳು. ಎಡಗಡೆಯ ಹಗ್ಗದ ಗಂಟು ಜಾರಿತ್ತು. ಗೋಡೆಯ ಆ ಮೂಲೆ ಒಂದು ಮೊಳ ಕೆಳಗೆ ಜೋತಿತ್ತು. ಪಕ್ಕದಲ್ಲಿ ಕೂತವರಿಗೂ ಮೇಲೆ ನಿಂತವನಿಗೂ ಅದು ಕಾಣುವಂತಿರಲಿಲ್ಲ. ಎದುರಿಗೆ, ಮುಂದಿನ ಸಾಲಿನಿಂದ ಮೇಲಕ್ಕೆ ನೋಡಿದವರಿಗೆ ಮಾತ್ರ ಕಾಣುತ್ತಿತ್ತು. ಆ ಮೂಲೆ ಮೊದಲು ನೆಲಕ್ಕೆ ತಾಗಿದ್ದರೆ ಇಡೀ ಗೋಡೆ ಮುಂದಕ್ಕೆ, ಕುರ್ಚಿಯ ಮೇಲೆ, ಮಗುಚಿಕೊಳ್ಳುತ್ತಿತ್ತು. 

ವೇದಿಕೆಯ ಮೇಲೆ ಅತ್ತೆ ಅಲುಗಲಿಲ್ಲ, ಮೇಲೆ ನೋಡಲೂ ಇಲ್ಲ. ನಿಧಾನವಾಗಿ ಕತ್ತಲ ಕಡೆಗೆ, ಕೂಗು ಬಂದ ಕಡೆಗೆ, ಮುಖ ತಿರುಗಿಸಿದರು. "ಕೇಳಿಸ್ತು ಕಣ್ರೀ" ಅಂದರು ಮುದುಕಿಯ ದನಿಯಲ್ಲಿ. "ಈ ಮನೇಲಿ ಇಷ್ಟು ವರ್ಷ ನಾನು ಮಾಡಿದ್ದು ಕೇಳಿಸ್ಕೊಳ್ಳೋದೊಂದೇ." ಹಾಲೆಲ್ಲ ಗೊಳ್ಳೆಂದಿತು. ಅವರು ಎದ್ದು, ಕುರ್ಚಿಯನ್ನು ತಾವೇ ಎಳೆದುಕೊಂಡು ವೇದಿಕೆಯ ತುತ್ತತುದಿಗೆ ಹೋಗಿ ಕೂತು, ಕೋಲನ್ನು ನೆಲಕ್ಕೆ ಕುಟ್ಟಿದರು. ಅವಳು "ದೀಪ, ಆರಿಸು" ಅಂದಳು. ಪರದೆ ಬಿತ್ತು. ಚಪ್ಪಾಳೆ ನಿಲ್ಲಲೇ ಇಲ್ಲ. ನಾಟಕ ಅಂದರೆ ಹೀಗಿರಬೇಕು, ಪಕ್ಕದ ಕುರ್ಚಿಯಿಂದಲೇ ಪಾತ್ರ ಎದ್ದು ಕೂಗಬೇಕು ಎಂದು ಜನ ಹೊಗಳಿಕೊಂಡು ಹೋದರು.

ಒಳಗೆ ಯಾರೂ ಹೊಗಳಲಿಲ್ಲ. ಹಗ್ಗದಣ್ಣ ಅಟ್ಟದಿಂದ ಇಳಿದು ಬಂದಿದ್ದ. ಗಂಡ ದೀಪದ ಕೋಣೆಯಿಂದ ಓಡಿ ಬಂದಿದ್ದ. ಯಜಮಾನರು ಹೆಡ್‌ಫೋನನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಅವಳ ಪೆಟ್ಟಿಗೆಯ ಮುಂದೆ ನಿಂತರು. ಮೊದಲ ಸಲ ಅವರ ದನಿ ಸಣ್ಣಗಾಗಿತ್ತು.

"ಎಷ್ಟು ಸಲ ಹೇಳಿದೆ ನಾನು. ಜೋತಿದೆ, ಜೋತಿದೆ ಅಂತ. ಯಾರಿಗೂ ಕೇಳಿಸ್ಲಿಲ್ವಾ?"

"ಅಪ್ಪ, ಹೊಸ ಮಿಷನ್ನು, ಬ್ಯಾಟರಿ ಏನಾದ್ರೂ..." ಎಂದು ಗಂಡ ಶುರುಮಾಡಿದ.

"ಬ್ಯಾಟರಿ ಅಲ್ಲ" ಅಂದಳು ಅವಳು. ಸುಳ್ಳು ಕೈಗೆಟುಕುವ ಹಾಗೆ ಎದುರಿಗೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. "ನಾನೇ ಮುಚ್ಚಿದ್ದು ಮಾವ. ಈ ಸ್ವಿಚ್ಚು. ಎರಡನೇ ಗಂಟೆಯಿಂದ ನಿಮ್ಮ ಮಾತು ಯಾರಿಗೂ ಹೋಗಿಲ್ಲ."

ಯಜಮಾನರು ಸ್ವಿಚ್ಚನ್ನು ನೋಡಿದರು. ಪಟ್ಟಿಯ ಮೇಲೆ ಬರೆದ 'ಕುರ್ಚಿ'ಯನ್ನು ನೋಡಿದರು. "ಮಧ್ಯಂತರದಲ್ಲಿ ನಾನು ಬಂದು..." ಎಂದವರು ಅಲ್ಲೇ ನಿಲ್ಲಿಸಿದರು. ಕಿವಿಯವರೆಗೂ ಕೆಂಪೇರಿದರು. ಆ ಮುಖ ನೋಡಿ ಅವಳಿಗೆ ಕರುಳು ಚುರುಕ್ಕೆಂದಿತು. ಒಬ್ಬ ಮನುಷ್ಯನನ್ನು ಇಡೀ ಸಂಜೆ ಗೋಡೆಯ ಜೊತೆ ಮಾತಾಡಿಸಿದ್ದೆನಲ್ಲ ಎನಿಸಿತು.

"ನನ್ನ ಹೆಂಡತಿ ಸಾಯ್ತಿದ್ಲು" ಅಂದರು ಅವರು. "ನಾನು ಬಾಯಿ ಬಡ್ಕೊಳ್ತಾ ಕೂತಿದ್ದೆ, ನೀನು ಮುಚ್ಚಿಟ್ಟಿದ್ದೆ."

"ಹೌದು ಮಾವ. ತಪ್ಪು ನನ್ನದೇ. ಅತ್ತೆ, ನಿಮ್ಮ ಮುಂದೆಯೂ ತಪ್ಪು ಒಪ್ಕೊಳ್ತೀನಿ."  ಇಲ್ಲಿ ನಿಲ್ಲಿಸಿದರೆ ಸೊಸೆಗೆ ಒಳ್ಳೆಯದು, ನಾಳೆಯ ನಾಟಕಕ್ಕೆ ಒಳ್ಳೆಯದಲ್ಲ. "ಆದ್ರೆ ಇನ್ನೊಂದು ಮಾತಿದೆ. ಪೂರ್ತಿ ಹೇಳೋ ತನಕ ನೀವು ಮಾತಾಡಬಾರ್ದು."

ಹಗ್ಗದಣ್ಣ ಸೂರು ನೋಡತೊಡಗಿದ. ಯಜಮಾನರ ಬಾಯಿ ತೆರೆಯಿತು. ಅತ್ತೆ ಕೋಲಿನಿಂದ ನೆಲಕ್ಕೆ ಒಂದು ಸಲ ಕುಟ್ಟಿದರು. ಬಾಯಿ ಮುಚ್ಚಿತು.

"ನಿನ್ನೆ ಅತ್ತೆ ಗೋಡೆ ಕೆಳಗೆ ಸಿಗ್ತಿದ್ರಲ್ಲ, ಅದನ್ನ ದರ್ಜಿಯಮ್ಮ ನೋಡಿದ್ರು. ಅವರ ಸ್ವಿಚ್ಚು ತೆರೆದೇ ಇತ್ತು. ಅವರು 'ಅಕ್ಕಾ' ಅಂದ್ರು, ಆಮೇಲೆ ನಿಲ್ಲಿಸಿಬಿಟ್ರು. ಯಾಕಂದ್ರೆ ನೀವು ಸಂಗೀತದ ವಿಷಯ ಮಾತಾಡ್ತಾ ಇದ್ರಿ. ಇವತ್ತು ನಿಮ್ಮ ಮಾತು ಯಾರಿಗೂ ಕೇಳಿಸ್ಲಿಲ್ಲ ಅಂದಾಗ ನೀವು ಎದ್ದು ಕೂಗಿದ್ರಿ. ಕೂಗೋ ಹಕ್ಕು ನಿಮಗಿತ್ತು. ಅವರು ಕೂಗಿದ್ರೆ ಏನಾಗ್ತಿತ್ತು? ನೀವು ಹಾಲಲ್ಲೇ ಎದ್ದು ನಿಂತು ಬೈತಿದ್ರಿ."

 ಯಜಮಾನರು ತಿರುಗಿ ದರ್ಜಿಯಮ್ಮನನ್ನು ಹುಡುಕಿದರು. ಅವಳು ಎಲ್ಲರ ಹಿಂದೆ ಮೇಲಂಗಿ ಹಿಡಿದುಕೊಂಡು ನಿಂತಿದ್ದಳು.

"ನಿನ್ನೆ ಏನು ಹೇಳ್ಬೇಕು ಅಂತಿದ್ದೆ ನೀನು?"

ದರ್ಜಿಯಮ್ಮ ಒಂದು ಹೆಜ್ಜೆ ಮುಂದೆ ಬಂದಳು. "'ಅಮ್ಮ ಹಿಂದಕ್ಕೆ ಹೋಗ್ತಿದಾರೆ' ಅಂತ."

"ಇಷ್ಟೇನಾ?"

"ಇಷ್ಟೇ ಯಜಮಾನ್ರೇ."

ಅವರು ಅವಳನ್ನೇ ನೋಡುತ್ತಾ ನಿಂತರು. ತಾವು ನಿನ್ನೆ ಸಂಗೀತದ ಬಗ್ಗೆ ಹೇಳುತ್ತಿದ್ದುದು ಏನೆಂದು ನೆನಪಿಸಿಕೊಳ್ಳಲು ಹೆಣಗುತ್ತಿರುವಂತೆ ಕಂಡಿತು. ನೆನಪಾದಂತೆ ಕಾಣಲಿಲ್ಲ. ಆಮೇಲೆ ಹೆಡ್‌ಫೋನನ್ನು ಮೆಲ್ಲಗೆ ಪೆಟ್ಟಿಗೆಯ ಮೇಲಿಟ್ಟರು. "ನಾಳೆ ಈ ಸ್ಟೂಲಿನ ಮೇಲೆ ಯಾರು ಕೂರ್ಬೇಕು ಅನ್ನೋದನ್ನ ನಾನು ಯೋಚನೆ ಮಾಡ್ಬೇಕು" ಎಂದಷ್ಟೇ ಹೇಳಿ ಹೊರಟುಹೋದರು.

ಮಾರನೆಯ ಬೆಳಗ್ಗೆ ಮನೆಯಲ್ಲಿ ಚಮಚ ಲೋಟಕ್ಕೆ ತಾಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಾವ ಮಾತಾಡಲಿಲ್ಲ. ಅವರು ಮಾತಾಡದೆ ಇದ್ದರೆ ಮನೆ ಇಷ್ಟು ದೊಡ್ಡದು ಎಂದು ಅವಳಿಗೆ ಗೊತ್ತೇ ಇರಲಿಲ್ಲ. "ಕೆಲಸದಿಂದ ತೆಗೆದ್ರೆ ತೆಗೀಲಿ" ಎಂದಳು ಗಂಡನಿಗೆ. "ಆ ಮಾತು ಹೇಳದೆ ಆ ಸ್ಟೂಲ್ ಮೇಲೆ ಕೂತಿರೋದಕ್ಕಿಂತ, ಹೇಳಿ ಇಳಿಯೋದೇ ಮೇಲು." ಬಾಯಲ್ಲಿ ಧೈರ್ಯ ಹೇಳಿದಳು, ನಿಜ. ಆದರೆ ಆ ಸ್ಟೂಲು, ಆ ಪೆಟ್ಟಿಗೆ, ಕೊನೆಯ ಗಂಟೆಗೆ ಮೊದಲು ಹಾಲು ಉಸಿರು ಹಿಡಿಯುವ ಆ ಕ್ಷಣ, ಅದನ್ನೆಲ್ಲ ಬಿಟ್ಟುಕೊಡುವುದೆಂದರೆ ಅವಳಿಗೆ ಪ್ರಾಣ ಹೋದಷ್ಟೇ.

ಸಂಜೆ ರಂಗಮಂದಿರಕ್ಕೆ ಹೋದಾಗ ಯಜಮಾನರು ಮೊದಲೇ ಬಂದು ಅವಳ ಪೆಟ್ಟಿಗೆಯ ಮುಂದೆ ನಿಂತಿದ್ದರು. ಸ್ಟೂಲು ಖಾಲಿಯಿತ್ತು. ಅವಳು ಅವರ ಕಣ್ಣೆದುರಿಗೇ ಕುರ್ಚಿಯ ಸ್ವಿಚ್ಚನ್ನು ಮೇಲಕ್ಕೆ ಮಾಡಿ ಕೈ ತೆಗೆದಳು.

"ಗಂಟೆ ಹೊಡಿಯಮ್ಮ, ಹೊತ್ತಾಯ್ತು" ಅಂದರು ಅವರು. ಹೆಡ್‌ಫೋನು ತೆಗೆದುಕೊಂಡು ಹೋಗಿ ತಮ್ಮ ಜಾಗದಲ್ಲಿ ಕೂತರು.

ಮೊದಲ ಭಾಗದಲ್ಲಿ ಆ ಚುಕ್ಕಿ ಒಂದು ಸಲವೂ ಹೊತ್ತಲಿಲ್ಲ. ಯಜಮಾನರು ಮುನಿಸಿಕೊಂಡರೋ, ಕಲಿತುಕೊಂಡರೋ ಯಾರಿಗೂ ತಿಳಿಯಲಿಲ್ಲ. ಅವಳು ಮಾತ್ರ ಅದರ ಮೇಲಿನ ಕಣ್ಣು ತೆಗೆಯಲಿಲ್ಲ. ಕೊನೆಯ ದೃಶ್ಯಕ್ಕೆ ಸ್ವಲ್ಪ ಮುಂಚೆ ಚುಕ್ಕಿ ಹೊತ್ತಿತು.

"ಅಕ್ಕಾ, ಕುರ್ಚಿ."

 ಮಾವ ಸೊಸೆಗೆ 'ಅಕ್ಕಾ' ಅಂದಿದ್ದರು. ಅಂದು, ಅಪ್ಪಣೆಗಾಗಿ ಕಾಯುತ್ತಿದ್ದರು. ಕಾಯುವುದು ಅಭ್ಯಾಸವಿಲ್ಲದವರ ಉಸಿರು ಎಲ್ಲರ ಕಿವಿಯಲ್ಲೂ ಬುಸುಬುಸು ಕೇಳಿಸುತ್ತಿತ್ತು.

"ಹೇಳಿ ಕುರ್ಚಿ" ಅಂದಳು ಅವಳು. ಬಹುವಚನ ಬೇಡವೆಂದರೂ ನಾಲಿಗೆ ಒಪ್ಪಲಿಲ್ಲ.

"ಗೋಡೆ ನೇರವಾಗಿದೆ, ನೋಡಿದೆ. ಮತ್ತೆ ಎಡಗಡೆ ನೀಲಿ ಇದೆಯಲ್ಲ, ಅದು ಯಾಕೆ ಹಾಗೆ ಅಂದ್ರೆ, ನಮ್ಮ ಕಾಲದಲ್ಲಿ..."

ಅಯ್ಯೋ, ಶುರುವಾಯಿತಲ್ಲ ಎಂದುಕೊಂಡಳು. ಅಷ್ಟರಲ್ಲಿ ಎಡಗಡೆಯ ಚುಕ್ಕಿ ಝಗ್ಗೆಂದಿತು.

"ಸುಮ್ನಿರಿ ಕುರ್ಚಿ!" ಅಂದಳು ದರ್ಜಿಯಮ್ಮ. "ಅಕ್ಕಾ, ದರ್ಜಿ. ಅಮ್ಮ ಹಿಂದಕ್ಕೆ ಹೋಗ್ತಿದಾರೆ!"

ಕುರ್ಚಿಯ ಚುಕ್ಕಿ ಆರಿತು. ಅವಳ ಕೈ ಆ ಸ್ವಿಚ್ಚಿನ ಹತ್ತಿರವೂ ಹೋಗಿರಲಿಲ್ಲ. ಗುಂಡಿ ಬಿಟ್ಟದ್ದು ಮುಂದಿನ ಸಾಲಿನ ಆ ಬೆರಳೇ.

"ಹಗ್ಗ, ತಡಿ" ಅಂದಳು ಅವಳು.

"ತಡೆದೆ ಅಕ್ಕಾ."

ಸಂಗೀತದ ಗುರುತು ಬಂದು ಹೋಯಿತು. ಅತ್ತೆ ಹಿಂದೆ ಹೋಗಿ, ಮರೆತ ಕೋಲನ್ನು ಎತ್ತಿಕೊಂಡು, ಯಾವ ಅವಸರವೂ ಇಲ್ಲದೆ ಮುಂದೆ ಬಂದು ಕೂತರು. 

"ಅಕ್ಕಾ, ದರ್ಜಿ. ಕೂತರು."

"ಹಗ್ಗ, ಈಗ" ಅಂದಳು ಗಂಟೆಯಕ್ಕ. ಗೋಡೆ ಎರಡೂ ಮೂಲೆ ಸಮವಾಗಿ ಇಳಿದು ಅತ್ತೆಯ ಬೆನ್ನ ಹಿಂದೆ ನಿಂತಿತು.